ಹಳೇ ಮೆಕಲಕ್ ಚೈನ್ ಸಾಗೆ ಪೆಟ್ರೋಲ್ ಪೈಪು: ಎಲ್ಲಾದರೂ ಸಿಗುತ್ತದಾ, ಇಲ್ಲ ನಾವೇ ಮಾಡಿಕೊಳ್ಳಬೇಕಾ?

ತೋಟದಮನೆ_ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹಳೇ ಮೆಕಲಕ್ ಮ್ಯಾಕ್ 10-10 ಇದೆ. ಹಳದಿ ಬಣ್ಣದ್ದು, ಮೆಗ್ನೀಶಿಯಂ ಬಾಡಿ. ಪಕ್ಕದ ಎಸ್ಟೇಟಿನವರು ತೋಟ ಮಾರಿ ಹೋಗುವಾಗ ಅಪ್ಪ ತಗೊಂಡಿದ್ದು. ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯೋಕೆ) ಈಗ ಬೇರೆ ಸಣ್ಣ ಮಷೀನು ಇದೆ. ಆದರೆ ಇದರ ಕಂಪ್ರೆಶನ್ ಇನ್ನೂ ಗಟ್ಟಿಯಾಗಿದೆ, ಸ್ಪಾರ್ಕ್ ನೀಲಿ ಬರುತ್ತದೆ. ಪ್ಲಗ್ ತೂತಿಗೆ ನಾಲ್ಕು ಹನಿ ಪೆಟ್ರೋಲ್ ಬಿಟ್ಟು ಎಳೆದರೆ ಗುರ್ ಅಂತ ಎದ್ದು ಅಷ್ಟೇ ಬೇಗ ನಿಲ್ಲುತ್ತದೆ. ಗುಜರಿಗೆ ಹಾಕೋಕೆ ಮನಸ್ಸು ಬರುತ್ತಿಲ್ಲ.

ತೊಂದರೆ ಇರೋದು ಪೆಟ್ರೋಲ್ ಪೈಪಿನಲ್ಲಿ. ಟ್ಯಾಂಕಿನ ಒಳಗಿದ್ದ ಭಾಗ ಹಲಸಿನ ಮೇಣದ ಹಾಗೆ ಕೈಗೆ ಅಂಟಿಕೊಂಡು ಬಂತು. ಹೊರಗಿನ ಭಾಗ ಉಲ್ಟಾ, ಬಗ್ಗಿಸಿದ ಕೂಡಲೇ ಪಟ್ ಅಂತ ಮುರಿಯಿತು. ಪೈಪು ಹಾದುಹೋಗುವ ತೂತು ಟ್ಯಾಂಕಿನ ಗೋಡೆಯಲ್ಲೇ ಇದೆ. 6 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿ ಅದರೊಳಗೆ ಸಲೀಸಾಗಿ ಹೋಗುತ್ತದೆ, 6.5 ಹೋಗುವುದಿಲ್ಲ. ಕಾರ್ಬೊರೇಟರಿನ ಮೂತಿ ಸುಮಾರು 4 ಮಿ.ಮೀ. ದಪ್ಪ.

ಪೇಟೆಯಲ್ಲಿ ಸಿಗೋದು ಎರಡೇ. ಬ್ರಷ್ ಕಟರಿನ ಹಳದಿ ಪೈಪು ಹೊರಗಡೆ 5 ಮಿ.ಮೀ., ತೂತಿನಲ್ಲಿ ಲೊಡ ಲೊಡ ಅನ್ನುತ್ತದೆ. ಬೈಕಿನ ಪೈಪು ಮೂತಿಗೂ ದೊಡ್ಡದು, ತೂತಿನೊಳಗೂ ಹೋಗುವುದಿಲ್ಲ. "ಹಳದಿ ಪೈಪು ಹಾಕಿ, ಸುತ್ತ ಗ್ಯಾಸ್ಕೆಟ್ ಅಂಟು ಮೆತ್ತಿ" ಅಂದರು ಅಂಗಡಿಯವರು. ನನಗೆ ಧೈರ್ಯ ಬರಲಿಲ್ಲ.

ಒರಿಜಿನಲ್ ಪೈಪು ಎಲ್ಲಾದರೂ ಸಿಗುತ್ತದಾ? ಸಿಗದಿದ್ದರೆ ಮಾಡಿಕೊಳ್ಳುವುದು ಹೇಗೆ? ಮತ್ತೆ, ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಯಾವ ಪೈಪು ತಡೆಯುತ್ತದೆ?

---

ಸಿಲ್ವರ್‌ಓಕ್

ಸುಮ್ನೆ ತಲೆಬಿಸಿ ಯಾಕೆ ಸಾರ್? ಒಂದು ಹೊಸ ಮಷೀನು ತಗೊಳ್ಳಿ. ಇದನ್ನು ತೊಳೆದು ಪಾಲಿಶ್ ಮಾಡಿ ಶೋಕೇಸಿನಲ್ಲಿ ಇಡಿ.

---

ಸೋಮವಾರಪೇಟೆ_070

ನೀವು ಇಟ್ಟುಕೊಂಡಿರುವ ಕಂಪನಿಯಿಂದಲೇ ಕಷ್ಟ ಜಾಸ್ತಿ ಆಗಿರೋದು. ನಮ್ಮಲ್ಲಿ ಸ್ಟಿಲ್ ಕಂಪನಿಯ 070 ಇದೆ, 106 ಸಿಸಿಯದ್ದು. ಹೊತ್ತು ನಡೆದರೆ ಸೊಂಟ ಹೋಗುತ್ತದೆ, ಆದರೆ ಬಿಡಿಭಾಗಕ್ಕೆ ಬರ ಇಲ್ಲ. ಅದರ ನಕಲು ಮಷೀನುಗಳೇ ಬಂದಿರುವುದರಿಂದ ಪೈಪು, ಗ್ಯಾಸ್ಕೆಟ್, ಪಿಸ್ಟನ್ ಎಲ್ಲಾ ಸಿಗುತ್ತದೆ. ಹಳೇ ಸ್ಟಿಲ್ ಇರುವವರಿಗೆ ಒಂದು ಮಾತು: ಪಾರ್ಟ್ ನಂಬರಿನ ಮೊದಲ ನಾಲ್ಕು ಅಂಕಿ ಮಾಡೆಲ್ ಯಾವುದು ಅಂತ ಹೇಳುತ್ತದೆ. 070ಕ್ಕೆ 1106, 08ಕ್ಕೆ 1108, 041ಕ್ಕೆ 1110. ಅಂಗಡಿಯಲ್ಲಿ "ಹಳೇದು, ದೊಡ್ಡದು" ಅಂತ ಕೈಸನ್ನೆ ಮಾಡುವ ಬದಲು ಆ ಅಂಕಿ ಹೇಳಿದರೆ ಕೆಲಸ ಬೇಗ ಆಗುತ್ತದೆ.

ಮೆಕಲಕ್‌ಗೆ ಇಲ್ಲಿ ಅಂಗಡಿ ತಿರುಗಬೇಡಿ, ಚಪ್ಪಲಿ ಸವೆಯುತ್ತದೆ ಅಷ್ಟೇ. ಕೊಪ್ಪದ ಗ್ಯಾರೇಜಿನವರು ಈ ಗುಂಪಿನಲ್ಲೇ ಇದ್ದಾರೆ, ಅವರು ಬರಲಿ.

---

ಗ್ಯಾರೇಜ್_ಕೊಪ್ಪ

ಬಂದೆ ಮಾರಾಯ್ರೇ. ಸಂಜೆವರೆಗೂ ಬ್ರಷ್ ಕಟರುಗಳ ಮಧ್ಯೆ ಕೂತಿದ್ದೆ.

ಗೌಡ್ರೇ, ಮೊದಲು ಒರಿಜಿನಲ್ ಪೈಪಿನ ಆಸೆ ಬಿಡಿ. ಹಳೇ ಸಾಗಳ ಪೈಪು ಎರಡು ಕೆಲಸ ಮಾಡುತ್ತಿತ್ತು. ಒಂದು, ಟ್ಯಾಂಕಿನ ತೂತನ್ನು ಬಿರಡೆ ಥರ ಬಿಗಿಯಾಗಿ ಮುಚ್ಚೋದು. ಇನ್ನೊಂದು, ಟ್ಯಾಂಕಿನೊಳಗೆ ಮೆತ್ತಗೆ ಓಲಾಡುತ್ತಾ ಪೆಟ್ರೋಲ್ ಎಳೆಯೋದು. ಮೊದಲನೆಯದಕ್ಕೆ ದಪ್ಪ ಬೇಕು, ಎರಡನೆಯದಕ್ಕೆ ತೆಳು ಬೇಕು. ಕಂಪನಿಯವರು ಎರಡನ್ನೂ ಒಂದೇ ರಬ್ಬರಿನಲ್ಲಿ ಅಚ್ಚು ಹಾಕಿ ತೆಗೆಯುತ್ತಿದ್ದರು. ನಮಗೆ ಅದು ಆಗುವುದಿಲ್ಲ. ಎರಡು ಕೆಲಸಕ್ಕೆ ಎರಡು ಪೈಪು ಹಾಕಿದರೆ ಆಯ್ತು, ಮುಗಿಯಿತು.

ನಿಮ್ಮ ತೂತು 6ಕ್ಕಿಂತ ದೊಡ್ಡದು, 6.5ಕ್ಕಿಂತ ಸಣ್ಣದು. ಒಳ ಅಳತೆ 3, ಹೊರ ಅಳತೆ 5 ಮಿ.ಮೀ. ಇರುವ ಪೆಟ್ರೋಲ್ ಪೈಪು ಒಂದು ಮೊಳ ತಗೊಳ್ಳಿ. ಬ್ರಷ್ ಕಟರಿಗೆ ಜಾಸ್ತಿ ಬರೋದು 2.5 × 5, ಅದು ಬೇಡ, ಒಳಗೆ 3 ಇರೋದನ್ನೇ ಕೇಳಿ. ಜತೆಗೆ 4 × 6 ಪೈಪು ಬೆರಳುದ್ದ ಸಾಕು. 4 × 6 ಪೈಪಿನಿಂದ 15 ಮಿ.ಮೀ. ತುಂಡು ಕತ್ತರಿಸಿ. ತೆಳು ಪೈಪಿಗೆ ಟೂ-ಟಿ (ಟೂ ಸ್ಟ್ರೋಕ್) ಆಯಿಲ್ ಸವರಿ ಈ ತುಂಡಿನೊಳಗೆ ತೂರಿಸಿ. 5 ಮಿ.ಮೀ. ಪೈಪು 4 ಮಿ.ಮೀ. ತೂತಿಗೆ ಹೋಗಬೇಕಲ್ಲ, ಸ್ವಲ್ಪ ಹಟ ಮಾಡುತ್ತದೆ. ತಿರುಗಿಸುತ್ತಾ ಎಳೆಯಿರಿ, ಬರುತ್ತದೆ. ಈಗ ಆ ಜಾಗದಲ್ಲಿ ಹೊರಗಿನ ಅಳತೆ 6.7ರ ಆಸುಪಾಸು ಆಗುತ್ತದೆ. ನಿಮ್ಮ ತೂತಿಗೆ ಅಷ್ಟು ಬಿಗಿ ಸರಿ.

ಹಾಕೋದು ಹೀಗೆ. ತೆಳು ಪೈಪಿನ ತುದಿಯನ್ನು ಎರಡು ಇಂಚು ಉದ್ದಕ್ಕೆ ಓರೆಯಾಗಿ, ಪೆನ್ಸಿಲ್ ಕೆತ್ತಿದ ಹಾಗೆ ಕತ್ತರಿಸಿ. ಹೊರಗಿನ ತುಂಡಿನ ಮುಂದಿನ ಅಂಚನ್ನೂ ಬ್ಲೇಡಿನಲ್ಲಿ ಸ್ವಲ್ಪ ಚೂಪು ಮಾಡಿ. ಕಾರ್ಬೊರೇಟರ್ ಕಡೆಯಿಂದ ತೂತಿಗೆ ತುದಿ ಇಳಿಸಿ, ಟ್ಯಾಂಕಿನ ಬಾಯಿಂದ ಉದ್ದ ಮೂತಿಯ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ದಪ್ಪ ತುಂಡಿನ ನಡುಭಾಗಕ್ಕೆ ಮೊದಲೇ ಪೆನ್ನಿನಲ್ಲಿ ಗೆರೆ ಹಾಕಿಡಿ. ಗೆರೆ ಗೋಡೆಯ ಮಟ್ಟಕ್ಕೆ ಬಂದಾಗ ನಿಲ್ಲಿಸಿ. ಆಮೇಲೆ ತೆಳು ಪೈಪಿನ ಓರೆ ತುದಿ ಕತ್ತರಿಸಿ ಎಸೆದು, ಬಾಯಿಯ ಹೊರಗೇ ಫಿಲ್ಟರ್ ಸಿಕ್ಕಿಸಿ ಒಳಗೆ ಬಿಡಿ.

ಫಿಲ್ಟರ್ ಟ್ಯಾಂಕಿನ ಎಲ್ಲಾ ಮೂಲೆಗೂ ಬೀಳಬೇಕು. ಖಾಲಿ ಟ್ಯಾಂಕು ಹಿಡಿದು ಆ ಕಡೆ ಈ ಕಡೆ ಓಲಾಡಿಸಿ, ಟಕ್ ಟಕ್ ಸದ್ದು ಬರಬೇಕು. ಸದ್ದು ಬರದಿದ್ದರೆ ಪೈಪು ಗಡುಸಾಯಿತು, ಇಲ್ಲವೇ ಉದ್ದ ಸರಿಯಿಲ್ಲ ಅಂತ ಲೆಕ್ಕ. ಅಂಥ ಸಾ ನೆಟ್ಟಗಿದ್ದಾಗ ಚೆನ್ನಾಗಿ ಓಡುತ್ತದೆ, ಮರ ಉರುಳಿಸೋಕೆ ಅಡ್ಡ ಹಿಡಿದ ಕೂಡಲೇ ನಿಲ್ಲುತ್ತದೆ. ಜನ ಕಾರ್ಬೊರೇಟರ್ ಬಿಚ್ಚುತ್ತಾರೆ. ಕಾರ್ಬೊರೇಟರ್ ಪಾಪ ಏನೂ ಮಾಡಿರುವುದಿಲ್ಲ.

ಇಷ್ಟಾಗಿಯೂ ತೂತಿನಲ್ಲಿ ಸಡಿಲ ಅನ್ನಿಸಿದರೆ ಒಂದು ಉಪಾಯ ಇದೆ. ಹಳೇ ರೇಡಿಯೋದ ಎಳೆಯುವ ಆಂಟೆನಾ ಇದೆಯಲ್ಲ, ಅದು ಒಂದರೊಳಗೊಂದು ಕೂರುವ ಹಿತ್ತಾಳೆ ಕೊಳವೆ. 3.5 ಮಿ.ಮೀ. ದಪ್ಪದ ಕೊಳವೆ ಹುಡುಕಿ 12 ಮಿ.ಮೀ. ತುಂಡು ಮಾಡಿ. ಎರಡೂ ಅಂಚು ಅರದಲ್ಲಿ ಉಜ್ಜಿ ನುಣ್ಣಗೆ ಮಾಡಿ, ಇಲ್ಲದಿದ್ದರೆ ಅದೇ ಪೈಪನ್ನು ಕೊಯ್ಯುತ್ತದೆ. ಅದನ್ನು ಪೈಪಿನೊಳಗೆ, ಸರಿಯಾಗಿ ಗೋಡೆ ಇರುವ ಜಾಗಕ್ಕೆ ತಳ್ಳಿ. ಪೈಪು ಒಳಗಿಂದ ಉಬ್ಬಿ ತೂತಿಗೆ ಅಮರಿಕೊಳ್ಳುತ್ತದೆ. ಅಂಟು ಬೇಡವೇ ಬೇಡ. ಮಾಮೂಲಿ ಸಿಲಿಕಾನ್ ಅಂಟು ಪೆಟ್ರೋಲಿನಲ್ಲಿ ಉಬ್ಬಿ ಕಿತ್ತು ಬರುತ್ತದೆ, ಅದರ ಚೂರು ನೆಟ್ಟಗೆ ಫಿಲ್ಟರಿಗೆ ಹೋಗಿ ಕೂರುತ್ತದೆ. ನೀವು ಹಾಕದೇ ಇದ್ದದ್ದು ಒಳ್ಳೇದಾಯಿತು.

ಲೇತಿನಲ್ಲಿ ಹಿತ್ತಾಳೆ ನಿಪ್ಪಲ್ ಮಾಡಿಸಿ, ತೂತಿಗೆ ಮರೆ (ಸ್ಕ್ರೂ ಸುತ್ತು) ಕೊರೆದು ಕೂರಿಸುವವರೂ ಇದ್ದಾರೆ. ನಾನು ಅದನ್ನು ಕಡೆಯ ದಾರಿ ಅಂತ ಇಟ್ಟುಕೊಂಡಿದ್ದೇನೆ. ಮೆಗ್ನೀಶಿಯಂ ಪುಡಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಅದರಲ್ಲೂ ಪೆಟ್ರೋಲ್ ಆವಿ ತುಂಬಿದ ಟ್ಯಾಂಕು. ರಬ್ಬರಿನಲ್ಲೇ ಮುಗಿಯುವ ಕೆಲಸಕ್ಕೆ ಡ್ರಿಲ್ ಯಾಕೆ?

ಇನ್ನು ಎಥನಾಲ್ ವಿಷಯ. ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಇರುವ ಪೆಟ್ರೋಲ್ ಶುರುವಾದದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಈಗ ಹಳ್ಳಿ ಬಂಕಿನಲ್ಲೂ ಅದೇ. ನಿಮ್ಮ ಸಾ ತಯಾರಾದ ಕಾಲದ ರಬ್ಬರಿಗೆ ಇಷ್ಟು ಎಥನಾಲ್ ಗೊತ್ತೇ ಇರಲಿಲ್ಲ. ತಡೆಯುವ ರಬ್ಬರು ಅಂದರೆ ವೈಟಾನ್, ಅಂಗಡಿಯಲ್ಲಿ ಎಫ್‌ಕೆಎಂ ಅಂತಲೂ ಹೇಳುತ್ತಾರೆ. ಬೆಲೆ ಜಾಸ್ತಿ, ಸ್ವಲ್ಪ ಗಡುಸು ಕೂಡ. ಅದಕ್ಕೇ ನಾನು ಗೋಡೆಯ ತುಂಡಿಗೆ ವೈಟಾನ್, ಒಳಗೆ ಓಲಾಡುವುದಕ್ಕೆ ಮೆತ್ತನೆಯ ಪೈಪು ಹಾಕುತ್ತೇನೆ. ನೈಟ್ರೈಲ್ ರಬ್ಬರೂ ಪರವಾಗಿಲ್ಲ, ಆದರೆ ಒಂದೊಂದು ಒಂದೊಂದು ಥರ. ಗಾರೆಯವರ ಲೆವೆಲ್ ಪೈಪು, ಮೀನಿನ ತೊಟ್ಟಿಯ ಪೈಪು, ಆಸ್ಪತ್ರೆಯ ರಬ್ಬರ್ ಟ್ಯೂಬು ಇವು ಯಾವುದೂ ಬೇಡ. ಮೊದಲೆರಡು ಪಾರದರ್ಶಕವಾಗಿ ಚಂದ ಕಾಣುತ್ತವೆ, ಸ್ವಲ್ಪ ದಿನಕ್ಕೆ ಕಡ್ಡಿ ಆಗುತ್ತವೆ.

ಅಂಗಡಿಯವರ ಮಾತು ನಂಬುವ ಬದಲು ನೀವೇ ನೋಡಿ. ತಂದ ಪೈಪಿನಿಂದ ಸರಿಯಾಗಿ 50 ಮಿ.ಮೀ. ತುಂಡು ಕತ್ತರಿಸಿ ಗಾಜಿನ ಬಾಟಲಿಯಲ್ಲಿ ಬಂಕಿನ ಪೆಟ್ರೋಲ್ ಹಾಕಿ ಮುಳುಗಿಸಿಡಿ. ಮುಚ್ಚಳ ಬಿಗಿ ಮಾಡಿ ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದ ಕಡೆ. ವಾರ ಬಿಟ್ಟು ಅಳೆಯಿರಿ. 51, 52 ಆದರೆ ತೊಂದರೆ ಇಲ್ಲ. 57, 58 ಆಗಿದ್ದರೆ ಅಥವಾ ಪೆಟ್ರೋಲಿಗೆ ಬಣ್ಣ ಬಿಟ್ಟಿದ್ದರೆ ಆ ಪೈಪು ಬೇಲಿ ಕಟ್ಟೋಕೆ ಆಯ್ತು. ಆಮೇಲೆ ಅದೇ ತುಂಡನ್ನು ಹೊರಗಿಟ್ಟು ಒಣಗಿದ ಮೇಲೆ ಬಗ್ಗಿಸಿ ನೋಡಿ. ಕೆಲವು ಒದ್ದೆ ಇರುವಾಗ ಮೆತ್ತಗಿದ್ದು ಒಣಗಿದ ಕೂಡಲೇ ಗಡುಸಾಗುತ್ತವೆ. ಸಾ ನಾವು ವರ್ಷದಲ್ಲಿ ಜಾಸ್ತಿ ದಿನ ಒಣಗಿಸಿಯೇ ಇಡೋದು ಅಲ್ವಾ, ಹಾಗಾಗಿ ಈ ಎರಡನೇ ಪರೀಕ್ಷೆಯೇ ಮುಖ್ಯ.

---

ತೋಟದಮನೆ_ಮೂಡಿಗೆರೆ

ತುಂಬಾ ಉಪಕಾರ ಆಯ್ತು. ಒಂದು ಸಂಶಯ. ಗೋಡೆಯ ಹತ್ತಿರ ಸ್ವಲ್ಪ ಸೋರಿದರೆ ಮಷೀನು ಗಾಳಿ ಎಳೆದು ಪಿಸ್ಟನ್ ಹಿಡಿದುಕೊಳ್ಳುತ್ತದಾ? ಹಾಗಂತ ಒಬ್ಬರು ಹೆದರಿಸಿದರು.

---

ಗ್ಯಾರೇಜ್_ಕೊಪ್ಪ

ಇಲ್ಲ, ಅದು ಬೇರೆ, ಇದು ಬೇರೆ. ಗೋಡೆಯ ತೂತಿನಲ್ಲಿ ಸಂದು ಇದ್ದರೆ ಗಾಳಿ ಹೋಗೋದು ಟ್ಯಾಂಕಿಗೆ, ಪೈಪಿನೊಳಗೆ ಅಲ್ಲ. ಅಲ್ಲಿ ಇರುವ ಅಪಾಯ ಪೆಟ್ರೋಲ್ ಹೊರಗೆ ಜಿನುಗೋದು. ಬಿಸಿಲಿಗೆ ಟ್ಯಾಂಕಿನಲ್ಲಿ ಒತ್ತಡ ಏರಿದಾಗ ಚಿಮ್ಮುತ್ತದೆ, ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ. ಬೆಂಕಿಯ ವಿಷಯ ಅದು.

ಪಿಸ್ಟನ್ ಹಿಡಿಯೋದು ಪೈಪೇ ಬಿರುಕು ಬಿಟ್ಟಾಗ ಅಥವಾ ಕಾರ್ಬೊರೇಟರ್ ಮೂತಿಯಲ್ಲಿ ಸಡಿಲ ಇದ್ದಾಗ. ಪೆಟ್ರೋಲ್ ಜತೆ ಗಾಳಿ ಸೇರಿ ಹೋಗುತ್ತದೆ. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರೋದೂ ಪೆಟ್ರೋಲ್ ಜತೆಗೇ ತಾನೇ, ಪೆಟ್ರೋಲ್ ಕಡಿಮೆ ಆದರೆ ಆಯಿಲೂ ಕಡಿಮೆ. ಮಷೀನು ಮಾಮೂಲಿಗಿಂತ ಜೋರಾಗಿ ಕಿರುಚುತ್ತದೆ, "ಆಹಾ, ಎಂಥ ಸ್ಪೀಡು" ಅನ್ನಿಸುತ್ತದೆ. ಆ ಖುಷಿ ಪಿಸ್ಟನ್ ಸೀಝ್ ಆಗುವವರೆಗೆ.

ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಬೇಕು. ಗೋಡೆಗೆ: ಟ್ಯಾಂಕು ತುಂಬಿಸಿ, ತೂತು ಪೆಟ್ರೋಲಿನಲ್ಲಿ ಮುಳುಗುವ ಹಾಗೆ ಸಾ ವಾಲಿಸಿ, ಕೆಳಗೆ ಪೇಪರ್ ಹಾಸಿ ರಾತ್ರಿ ಬಿಡಿ. ಮನೆಯೊಳಗೆ ಅಲ್ಲ, ಗಾಳಿಯಾಡುವ ಶೆಡ್ಡಿನಲ್ಲಿ. ಪೈಪಿಗೆ: ನನ್ನ ಹತ್ತಿರ ಡಾಕ್ಟರೊಬ್ಬರು ಕೊಟ್ಟ ಹಳೇ ಬಿಪಿ ಮಷೀನಿನ ಮುಳ್ಳಿನ ಮೀಟರೂ ರಬ್ಬರ್ ಬುರುಡೆಯೂ ಇದೆ. ಫಿಲ್ಟರ್ ತೆಗೆದು ಆ ತುದಿಗೆ ಒಂದು ಬೇರಿಂಗ್ ಗುಂಡು ತುರುಕಿ, ಕಾರ್ಬೊರೇಟರ್ ತುದಿಯಿಂದ ಗಾಳಿ ಒತ್ತುತ್ತೇನೆ. ಮುಳ್ಳು 260ಕ್ಕೆ ಬಂದರೆ ಹತ್ತಿರ ಹತ್ತಿರ 5 ಪಿಎಸ್ಐ ಆಯಿತು. ಅಲ್ಲೇ ನಿಂತರೆ ಪೈಪು ಆರೋಗ್ಯವಾಗಿದೆ.

---

ಮಿಶಿಗನ್_ಕನ್ನಡಿಗ

ಕೊಪ್ಪದ ಅಣ್ಣ ಹೇಳಿದ್ದಕ್ಕೆ ಈ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ನಾನು ಊರಲ್ಲಿದ್ದಾಗ ಕತ್ತಿ ಬಿಟ್ಟು ಬೇರೆ ಹಿಡಿದವನಲ್ಲ. ಇಲ್ಲಿ ಚಳಿಗಾಲಕ್ಕೆ ಸೌದೆ ಒಟ್ಟಬೇಕು, ಹಾಗೆ ಗ್ಯಾರೇಜ್ ಸೇಲುಗಳಲ್ಲಿ ಹಳೇ ಸಾ ಹೆಕ್ಕುವ ಚಟ ಹಿಡಿಯಿತು. ಮೆಕಲಕ್ ಇಲ್ಲಿ ಬೇಕಾದಷ್ಟು. ಆದರೆ ಹಳೇ ಕಂಪನಿ 1999ರಲ್ಲಿ ದಿವಾಳಿ ಆಯಿತು, ಹೆಸರು ಆಮೇಲೆ ಹುಸ್ಕ್‌ವರ್ನಾ ಪಾಲಾಯಿತು. ಈಗ ಅದೇ ಹೆಸರಿನಲ್ಲಿ ಬರುವ ಸಾಗಳಿಗೂ ನಿಮ್ಮ 10-10ಕ್ಕೂ ಸಂಬಂಧವೇ ಇಲ್ಲ, ಆದ್ದರಿಂದ ಆ ಬಾಗಿಲು ತಟ್ಟಿ ಪ್ರಯೋಜನ ಇಲ್ಲ. (ಅಂದಹಾಗೆ ಲಂಡನ್ ಸೇತುವೆ ಕೊಂಡುಕೊಂಡು ಅರಿಜೋನಾದ ಲೇಕ್ ಹವಾಸು ಊರಿಗೆ ಕಲ್ಲು ಕಲ್ಲು ಸಾಗಿಸಿದ ಪುಣ್ಯಾತ್ಮ ಈ ಕಂಪನಿಯ ರಾಬರ್ಟ್ ಮೆಕಲಕ್ಕೇ. 1968ರಲ್ಲಿ, ಸುಮಾರು 24.6 ಲಕ್ಷ ಡಾಲರ್ ಕೊಟ್ಟು. ಸಾ ಮಾರಿ ಎಷ್ಟು ದುಡಿದಿರಬೇಕು ನೋಡಿ.)

ಆನ್‌ಲೈನಿನಲ್ಲಿ "ಬಳಸದ ಒರಿಜಿನಲ್ ಪೈಪು, ಪ್ಯಾಕ್ ಒಡೆದಿಲ್ಲ" ಅಂತ ಮಾರುತ್ತಿರುತ್ತಾರೆ. ದುಡ್ಡು ಕಳಕೊಳ್ಳಬೇಡಿ. ಪ್ಯಾಕಿನೊಳಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಪಿಸ್ಟನ್ನೋ ಸ್ಪ್ರಾಕೆಟ್ಟೋ ಆದರೆ ಹಳೇ ದಾಸ್ತಾನು ಚಿನ್ನ. ರಬ್ಬರಿನದ್ದಾದರೆ ನೋಡೋಕಷ್ಟೇ ಚಂದ.

ಇಲ್ಲಿ ನಾವು ಜಾಸ್ತಿ ಬಳಸೋದು ಟೈಗಾನ್ ಎಫ್-4040-ಎ. ಹಳದಿ, ಪಾರದರ್ಶಕ, ಮೈಮೇಲೆ ಹೆಸರು ಅಚ್ಚಾಗಿರುತ್ತದೆ. ಅದನ್ನು ನೋಡಿಯೇ ಎಲ್ಲರೂ ಹಳದಿ ಪೈಪು ಮಾಡೋಕೆ ಶುರು ಮಾಡಿದ್ದು. ಬಣ್ಣ ನೋಡಿ ಮೋಸ ಹೋಗಬೇಡಿ, ಅಕ್ಷರ ನೋಡಿ. ಅದೂ ಚಿರಂಜೀವಿ ಏನಲ್ಲ, ಕೆಲವು ವರ್ಷಕ್ಕೆ ಗಡುಸಾಗುತ್ತದೆ. ಅಡಿ ಲೆಕ್ಕದಲ್ಲಿ ಇಂಚಿನ ಅಳತೆಯಲ್ಲಿ ಸಿಗುತ್ತದೆ. ನಿಮ್ಮ ತೂತು ಕಾಲು ಇಂಚು, ಅಂದರೆ 6.35 ಇರಬಹುದು. ಕಾಲು ಇಂಚಿನ ಪೈಪನ್ನೇ ತೂರಿಸಿದರೆ ಬಿಗಿ ಸಾಲದು. ಕೊಪ್ಪದವರ ಎರಡು ಪೈಪಿನ ಲೆಕ್ಕವೇ ವಾಸಿ.

ಒಂದು ಮಾತ್ರ ಮರೆಯಬೇಡಿ. ಪೈಪು ಸರಿಯಾದ ಮೇಲೂ ಪೆಟ್ರೋಲ್ ಮೇಲೆ ಬರದಿದ್ದರೆ ಟ್ಯಾಂಕಿನ ಮುಚ್ಚಳದ ಗಾಳಿ ತೂತು ನೋಡಿ. ಅದು ಕಟ್ಟಿಕೊಂಡರೆ ಟ್ಯಾಂಕಿನಲ್ಲಿ ನಿರ್ವಾತ ಆಗಿ ಸಾ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ನಿಂತ ಕೂಡಲೇ ಮುಚ್ಚಳ ಸಡಿಲಿಸಿ. ಉಸ್ ಅಂತ ಗಾಳಿ ಒಳಗೆ ಹೋದರೆ ಕಳ್ಳ ಸಿಕ್ಕಿದ. ಕಾರ್ಬೊರೇಟರಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಕೂಡ ಪೈಪಿನಷ್ಟೇ ಹಳೇದು, ಅದನ್ನೂ ಬದಲಾಯಿಸಿ. ವಾಲ್ಬ್ರೋ, ಟಿಲೋಟ್ಸನ್ ಎರಡೂ ಕಂಪನಿಯ ಕಾರ್ಬೊರೇಟರಿಗೆ ಕಿಟ್ ಇನ್ನೂ ಸಿಗುತ್ತವೆ. ಕಾರ್ಬೊರೇಟರ್ ಮೇಲಿರುವ ಅಕ್ಷರ, ನಂಬರು ಬರೆದುಕೊಂಡು ಅದಕ್ಕೆ ಸರಿಯಾದ ಕಿಟ್ಟನ್ನೇ ತರಿಸಿ.

---

ತೋಟದಮನೆ_ಮೂಡಿಗೆರೆ

ಎಲ್ಲರಿಗೂ ವರದಿ. 3 × 5 ಪೈಪು ಚಿಕ್ಕಮಗಳೂರಿನಲ್ಲೇ ಸಿಕ್ಕಿತು. 4 × 6 ವೈಟಾನ್ ತುಂಡಿಗೆ ಬೆಂಗಳೂರಿನಲ್ಲಿ ಓದುವ ಮಗನನ್ನು ಜೆ.ಸಿ. ರೋಡಿಗೆ ಅಟ್ಟಿದೆ. "ಬೆರಳುದ್ದ ಪೈಪಿಗೆ ಬಸ್ಸಿನಲ್ಲಿ ಹೋಗಬೇಕಾ ಅಪ್ಪಾ" ಅಂತ ಗೊಣಗಿದ, ತಂದ. ಬಾಟಲಿಯಲ್ಲಿ ಹಾಕಿಟ್ಟದ್ದರಲ್ಲಿ ವೈಟಾನ್ ಅಲುಗಲಿಲ್ಲ. 3 × 5ರ ಹಳದಿ ಪೈಪು 50 ಇದ್ದದ್ದು 52 ಆಯಿತು, ಒಣಗಿದ ಮೇಲೂ ಮೆತ್ತಗೇ ಇದೆ.

ತೂತಿನಲ್ಲಿ ಬಿಗಿಯಾಗಿ ಕೂತಿದೆ, ಆಂಟೆನಾ ತುಂಡು ಬೇಕಾಗಲಿಲ್ಲ. ರಾತ್ರಿ ಇಟ್ಟ ಪೇಪರ್ ಒಣಗಿಯೇ ಇತ್ತು. ಡಯಾಫ್ರಮ್ ಕಿಟ್ ಬರಬೇಕು. ಅದಕ್ಕೆ ಮೊದಲು ಆಯಿಲ್ ಎಷ್ಟು ಬೆರೆಸಬೇಕು ಹೇಳಿ. ನಾನು ನೋಡಿದ ಒಂದು ಹಳೇ ಚೀಟಿಯಲ್ಲಿ 20ಕ್ಕೆ 1 ಅಂತ ಇದೆ. ಈಗಿನವರು 50ಕ್ಕೆ 1 ಅನ್ನುತ್ತಾರೆ.

---

ಗ್ಯಾರೇಜ್_ಕೊಪ್ಪ

20ಕ್ಕೆ 1 ಅನ್ನೋದು ಮಾಮೂಲಿ ಎಂಜಿನ್ ಆಯಿಲ್ ಬೆರೆಸುತ್ತಿದ್ದ ಕಾಲದ ಲೆಕ್ಕ. ಈಗಿನ ಒಳ್ಳೇ ಟೂ-ಟಿ ಆಯಿಲಿಗೆ ಅಷ್ಟು ಬೇಡ, ಪ್ಲಗ್ ಕಪ್ಪಾಗುತ್ತದೆ. ಹಳೇ ಮಷೀನು, ಆದ್ದರಿಂದ 50ರ ಆಸೆಯೂ ಬೇಡ. ನಾನು ಇಂಥದ್ದಕ್ಕೆ 32ಕ್ಕೆ 1 ಹಾಕುತ್ತೇನೆ. ಒಂದು ಲೀಟರಿಗೆ 31 ಮಿ.ಲೀ., ಆಸ್ಪತ್ರೆ ಸಿರಿಂಜಿನಲ್ಲಿ ಅಳೆದರೆ ಸುಲಭ. ಆಯಿಲ್ ಜಾಸ್ತಿ ಆದಷ್ಟೂ ಪೆಟ್ರೋಲ್ ಅಂಶ ಕಡಿಮೆ ಆಗುತ್ತದೆ, ಹಾಗಾಗಿ ಮಿಶ್ರಣ ಬದಲಾಯಿಸಿದಾಗ ಕಾರ್ಬೊರೇಟರಿನ ಹೈ ಸ್ಕ್ರೂ (ಫುಲ್ ರೇಸಿನಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ತಿರುಪು) ಮತ್ತೆ ಹೊಂದಿಸಬೇಕು. ಫುಲ್ ರೇಸಿನಲ್ಲಿ, ಮರ ಕುಯ್ಯದೆ ಇರುವಾಗ, ಸದ್ದು ಸ್ವಲ್ಪ ಒಡೆದ ಹಾಗೆ ಇರಲಿ. ಮರಕ್ಕೆ ಇಟ್ಟಾಗ ಅದೇ ಸದ್ದು ಶುದ್ಧ ಆಗಬೇಕು.

ಕೆಲಸ ಮುಗಿದ ದಿನ ಟ್ಯಾಂಕು ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿಯೇ ಒಳಗಿಡಿ. ಎಥನಾಲ್ ನೀರು ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಆ ನೀರು ತಳಕ್ಕೆ ಇಳಿದರೆ ಮೆಗ್ನೀಶಿಯಂ ಟ್ಯಾಂಕಿನಲ್ಲಿ ಬಿಳಿ ಪುಡಿ ಏಳುತ್ತದೆ, ಅದನ್ನು ಕೆರೆದು ತೆಗೆಯೋದು ಪೈಪು ಹಾಕಿದಷ್ಟು ಸುಲಭ ಅಲ್ಲ. ಕಿಟ್ ಬಂದ ಮೇಲೆ ಹಳೇ ಡಯಾಫ್ರಮಿನ ಫೋಟೋ ಹಾಕಿ, ಗ್ಯಾಸ್ಕೆಟ್ ಮೇಲೋ ಕೆಳಗೋ ಅಂತ ನೋಡಿ ಹೇಳುತ್ತೇನೆ. ಅದು ಪೆಟ್ರೋಲ್ ಎಳೆಯುವ ಪಂಪಿನ ಕಡೆ ಒಂದು ಥರ, ಅಳೆದು ಬಿಡುವ ಮೀಟರಿಂಗ್ ಕಡೆ ಇನ್ನೊಂದು ಥರ ಕೂರುತ್ತದೆ.